ಹರಾಜಿಗೆ ಬಂದ ತಲೆಬುರುಡೆ

ಒಂದು ಪುಟ್ಟ ಮರದ ಹಲಗೆ. ಅಗಲ ಸುಮಾರು 36 ಸೆಂಟಿಮೀಟರ್, ಎತ್ತರ 24. ಅದರ ಮೇಲೆ ಮಾಸಲು ಕಂದು ಬಣ್ಣದಲ್ಲಿ ಒಂದು ತಲೆಬುರುಡೆ, ಉರುಳಿಬಿದ್ದ ಗಾಜಿನ ಪಾನಪಾತ್ರೆ, ಗರಿಯ ಲೇಖನಿ, ಇನ್ನೇನು ಆರಿಹೋಗಲಿರುವ ದೀಪದ ಬತ್ತಿ. ಹಾಲೆಂಡಿನ ಹಾರ್ಲೆಮ್ ಪಟ್ಟಣದಲ್ಲಿದ್ದ ಪೀಟರ್ ಕ್ಲಾಸ್ ಎಂಬ ಕಲಾವಿದ 1628ರಲ್ಲಿ ಬರೆದ ಚಿತ್ರವಿದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 1949ರಲ್ಲಿ ಇದನ್ನು ಕೊಂಡುಕೊಂಡಿತು. ಇದರ ಜಾತಿಯ ಚಿತ್ರಗಳು ಇಂದಿಗೂ ಲಂಡನ್, ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕುಗಳ ಹರಾಜು ಕಟ್ಟೆಗೆ ಬರುತ್ತಲೇ ಇವೆ.

ನಮ್ಮಲ್ಲಿ ಯಾರಾದರೂ ನಡುಮನೆಯ ಗೋಡೆಗೆ ತಲೆಬುರುಡೆಯ ಚಿತ್ರ ತೂಗುಹಾಕುತ್ತೇನೆಂದರೆ ಮನೆಯ ಹಿರಿಯರು ಸುಮ್ಮನಿದ್ದಾರೆಯೇ? ಆದರೆ 17ನೇ ಶತಮಾನದ ಡಚ್ಚರು ದುಡ್ಡು ಕೊಟ್ಟು ತಂದು ಹಾಕಿಕೊಂಡರು. ಏಕೆ?

ಈ ಚಿತ್ರಪ್ರಕಾರದ ಹೆಸರು ‘ವ್ಯಾನಿಟಾಸ್’. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಬರಿದು, ಪೊಳ್ಳು. ನಾವು ದಿನವೂ ಆಡುವ ‘ವ್ಯಾನಿಟಿ ಬ್ಯಾಗು’ ಎಂಬ ಮಾತಿನಲ್ಲಿರುವುದೂ ಇದೇ ಪದ. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿರುವ ‘ಪ್ರಸಂಗಿ’ ಎಂಬ ಗ್ರಂಥ ಮನುಷ್ಯನ ಗಳಿಕೆಯೆಲ್ಲ ವ್ಯರ್ಥವೆಂದು ಸಾರುತ್ತದೆ. ಚಿತ್ರಕಾರರು ಈ ಹೆಸರನ್ನು ತೆಗೆದುಕೊಂಡದ್ದು ಅಲ್ಲಿಂದ.

ಈ ಪ್ರಕಾರ ಹುಲುಸಾಗಿ ಬೆಳೆದದ್ದು ಲೈಡನ್ ನಗರದಲ್ಲಿ. ಅದಕ್ಕೆ ಕಾರಣಗಳಿವೆ. 1575ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಆರಂಭವಾಯಿತು. ಅದರ ಅಂಗರಚನಾ ಪ್ರದರ್ಶನ ಮಂದಿರದಲ್ಲಿ ಅಸ್ಥಿಪಂಜರಗಳ ಕೈಗೆ ಸಾವನ್ನು ನೆನಪಿಸುವ ಪತಾಕೆಗಳನ್ನು ಕೊಟ್ಟು ನಿಲ್ಲಿಸಿದ್ದರು. ಇನ್ನೊಂದೆಡೆ, ಕ್ಯಾಲ್ವಿನ್ ಪಂಥದವರು ಚರ್ಚುಗಳಿಂದ ವಿಗ್ರಹ, ಚಿತ್ರಗಳನ್ನು ಹೊರಹಾಕಿದ್ದರು. ಚರ್ಚಿನ ಕೆಲಸ ತಪ್ಪಿದ ಚಿತ್ರಕಾರರು ವರ್ತಕರ ಮನೆಗಳತ್ತ ಮುಖ ಮಾಡಿದರು. ಸಂತರ ಚಿತ್ರಗಳು ಸಾರುತ್ತಿದ್ದ ನೀತಿಯನ್ನು ಈಗ ಮೇಜಿನ ಮೇಲಿನ ವಸ್ತುಗಳು ಸಾರಬೇಕಾಯಿತು.

ಆ ವಸ್ತುಗಳಿಗೆ ಒಂದೊಂದು ಅರ್ಥ. ತಲೆಬುರುಡೆ ಎಂದರೆ ಸಾವು. ಮರಳುಗಡಿಯಾರ ಸೋರಿಹೋಗುವ ಕಾಲ. ಪುಸ್ತಕ ವಿದ್ಯೆಯ ಗರ್ವ, ಕೊಳಲು ಇಂದ್ರಿಯಸುಖ, ನಾಣ್ಯ ಮತ್ತು ಮುತ್ತು ಸಿರಿಯ ಮದ. ಸೋಪಿನ ಗುಳ್ಳೆ ಮನುಷ್ಯನೇ. ಬದುಕು ನೀರಗುಳ್ಳೆಯೆಂದು ನಾವೂ ಹೇಳುತ್ತೇವಲ್ಲ, ರೋಮನ್ನರಲ್ಲೂ ಅದೇ ಗಾದೆಯಿತ್ತು. ದೂರದ ಕಡಲಿನ ಚಿಪ್ಪು ಶ್ರೀಮಂತರ ಸಂಗ್ರಹದ ಹುಚ್ಚಿಗೆ ಗುರುತು. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಇಂಥ ವಸ್ತುಗಳನ್ನು ಹೊತ್ತು ತರುತ್ತಿದ್ದವು. ಟ್ಯುಲಿಪ್ ಹೂವೂ ಅಷ್ಟೆ. ಅದರ ಗೆಡ್ಡೆಗಳ ಸಟ್ಟಾ ವ್ಯಾಪಾರ ಏರಿ ಏರಿ 1637ರ ಫೆಬ್ರವರಿಯಲ್ಲಿ ಕುಸಿದುಬಿದ್ದಿತು. ಅದಾದ ಮೇಲೆ ಚಿತ್ರದೊಳಗಿನ ಟ್ಯುಲಿಪ್‌ಗೆ ವಿವರಣೆ ಬೇಕಿರಲಿಲ್ಲ.

ಲೈಡನ್ನಿನ ಡೇವಿಡ್ ಬೈಲಿ 1651ರಲ್ಲಿ ಬರೆದ ಚಿತ್ರದಲ್ಲಿ ಒಬ್ಬ ತರುಣ ಚಿತ್ರಕಾರ ಕುಳಿತಿದ್ದಾನೆ. ಕೈಯಲ್ಲಿ ಒಬ್ಬ ವಯಸ್ಸಾದವನ ಸಣ್ಣ ಭಾವಚಿತ್ರ. ತಂದೆಯದಿರಬಹುದು ಎಂದುಕೊಳ್ಳುತ್ತೇವೆ. ಹಾಗಲ್ಲ, ಆ ಹಿರಿಯನೇ ಬೈಲಿ. 1584ರಲ್ಲಿ ಹುಟ್ಟಿದ ಆತನಿಗೆ ಆಗ ಅರವತ್ತು ದಾಟಿ ಏಳು ವರ್ಷ. ತರುಣನ ಮುಖ ಆತನ ಕಳೆದುಹೋದ ಯೌವನದ್ದು. ಸುತ್ತ ಗುಳ್ಳೆಗಳು ತೇಲುತ್ತಿವೆ, ಮೇಣದಬತ್ತಿ ಆರಿದೆ.

ಎಲ್ಲವೂ ವ್ಯರ್ಥ ಎನ್ನುವ ಈ ಚಿತ್ರಗಳು ಹುಟ್ಟಿದಾಗಿನಿಂದಲೂ ಮಾರಾಟದ ಸರಕೇ. 1641ರಲ್ಲಿ ರಾಟರ್‌ಡ್ಯಾಮ್‌ನ ಜಾತ್ರೆ ಕಂಡ ಇಂಗ್ಲಿಷ್ ಪ್ರವಾಸಿ ಜಾನ್ ಎವೆಲಿನ್, ರೈತರೂ ಚಿತ್ರ ಕೊಳ್ಳುವುದನ್ನು ನೋಡಿ ಬೆರಗಾದ. ಕ್ಲಾಸ್‌ನಂಥವರು ಬೂದು, ಕಂದು ಬಣ್ಣಗಳಲ್ಲೇ ಚಿತ್ರ ಮುಗಿಸಿದ್ದಕ್ಕೆ ಖರ್ಚು ಕಡಿಮೆ, ಕೆಲಸ ಬೇಗ ಎಂಬುದೂ ಒಂದು ಕಾರಣವೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮಾರಿಯಾ ವಾನ್ ಓಸ್ಟರ್‌ವೈಕ್ ಎಂಬ ಚಿತ್ರಕಾರ್ತಿಗೆ ಚಕ್ರವರ್ತಿ ಲಿಯೊಪೋಲ್ಡ್, ಫ್ರಾನ್ಸಿನ ದೊರೆ 14ನೇ ಲೂಯಿ ಗಿರಾಕಿಗಳಾಗಿದ್ದರು. ಆಕೆ 1668ರಲ್ಲಿ ಬರೆದ ವ್ಯಾನಿಟಾಸ್ ಚಿತ್ರ ಈಗ ವಿಯೆನ್ನಾದ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಇಂದು ಇಂಥ ಚಿತ್ರ ಮಾರಾಟಕ್ಕೆ ಬಂದರೆ ಬೆಲೆ ನಿರ್ಧರಿಸುವುದು ತಲೆಬುರುಡೆಯಲ್ಲ, ಹರಾಜಿನ ಕ್ಯಾಟಲಾಗಿನಲ್ಲಿ ಹೆಸರಿನ ಹಿಂದುಮುಂದಿರುವ ಒಂದೆರಡು ಪದಗಳು. ಬರೀ ‘ಪೀಟರ್ ಕ್ಲಾಸ್’ ಎಂದಿದ್ದರೆ ಚಿತ್ರ ಆತನದೇ ಎಂದು ಹರಾಜುದಾರರು ಒಪ್ಪಿದಂತೆ. ‘ಆತನದೆಂದು ಹೇಳಲಾದದ್ದು’ ಎಂದರೆ ಬಹುಶಃ ಆತನದು. ‘ಆತನ ಬಳಗದ್ದು’ ಎಂದರೆ ಅದೇ ಕಾಲದ, ಹತ್ತಿರದ ಯಾರದೋ ಕೈ. ‘ಆತನ ಶೈಲಿಯದು’ ಎಂದರೆ ಮುಂದೆಂದೋ ಬರೆದ ಅನುಕರಣೆ. ಒಂದು ಮೆಟ್ಟಿಲು ಇಳಿದಂತೆಲ್ಲ ಬೆಲೆಯೂ ಇಳಿಯುತ್ತದೆ.

ರುಜುವನ್ನಷ್ಟೇ ನಂಬುವಂತಿಲ್ಲ, ರುಜುವನ್ನು ಯಾರಾದರೂ ಆಮೇಲೆ ಸೇರಿಸಬಹುದು. ಆದ್ದರಿಂದ ತಜ್ಞರು ಹಲಗೆಯ ಅಂಚಿನಲ್ಲಿರುವ ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಅಳೆಯುತ್ತಾರೆ. ಡಚ್ಚರು ಬಳಸುತ್ತಿದ್ದ ಓಕ್ ಮರದಲ್ಲಿ ಬಹುಪಾಲು ಬಾಲ್ಟಿಕ್ ತೀರದಿಂದ ಬರುತ್ತಿತ್ತು. ಮಳೆ ಚೆನ್ನಾದ ವರ್ಷ ಉಂಗುರ ಅಗಲ, ಕೆಟ್ಟ ವರ್ಷ ಕಿರಿದು. ಆ ಸಾಲನ್ನು ತಿಳಿದಿರುವ ಪಟ್ಟಿಯೊಂದಿಗೆ ಹೋಲಿಸಿದರೆ ಮರ ಯಾವ ವರ್ಷದವರೆಗಾದರೂ ಬೆಳೆದಿತ್ತೆಂಬುದು ಗೊತ್ತಾಗುತ್ತದೆ. ಅದಕ್ಕಿಂತ ಮುಂಚೆ ಆ ಚಿತ್ರ ಹುಟ್ಟಿರುವುದು ಸಾಧ್ಯವಿಲ್ಲ. ಆದರೆ ಉಂಗುರ ಕಲಾವಿದನ ಹೆಸರು ಹೇಳುವುದಿಲ್ಲ. ಹಳೆಯ ಹಲಗೆಯ ಮೇಲೆ ಹೊಸಬನೂ ಬರೆಯಬಹುದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು: ಇಷ್ಟು ದಿನ ಇದು ಯಾರ ಕೈಯಲ್ಲಿತ್ತು? ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಕಲಾ ವರ್ತಕ ಜಾಕ್ ಗೌಡ್‌ಸ್ಟಿಕರ್ 1940ರ ಮೇ ತಿಂಗಳಲ್ಲಿ ನಾಜಿ ದಾಳಿಗೆ ಹೆದರಿ ಹೆಂಡತಿ, ಎಳೆಯ ಮಗನೊಂದಿಗೆ ಹಡಗು ಹತ್ತಿದರು. ಹಡಗಿನ ಕತ್ತಲಲ್ಲಿ ತೆರೆದಿದ್ದ ಕಿಂಡಿಯೊಳಗೆ ಬಿದ್ದು ಸತ್ತರು. ಅವರ ಬಳಿ ಒಂದು ಕಪ್ಪು ಕಿರುಪುಸ್ತಕವಿತ್ತು. ಬಿಟ್ಟುಬಂದ ಸಾವಿರಕ್ಕೂ ಹೆಚ್ಚು ಕಲಾಕೃತಿಗಳ ಪಟ್ಟಿ ಅದರಲ್ಲಿತ್ತು. ಕೃತಿಗಳಲ್ಲಿ ಅನೇಕವು ಹಿಟ್ಲರನ ಬಲಗೈ ಬಂಟ ಗೋರಿಂಗ್ ವಶವಾದವು. ಯುದ್ಧ ಮುಗಿದ ಮೇಲೆ ಹಿಂದಿರುಗಿ ಬಂದವನ್ನು ಡಚ್ ಸರ್ಕಾರವೇ ಇಟ್ಟುಕೊಂಡಿತು. ಕುಟುಂಬದ ದೀರ್ಘ ಹೋರಾಟದ ನಂತರ 2006ರಲ್ಲಿ 202 ಚಿತ್ರಗಳನ್ನು ವಾರಸುದಾರರಿಗೆ ಮರಳಿಸಲು ಒಪ್ಪಿತು. ಅಷ್ಟನ್ನಾದರೂ ಮರಳಿ ಕೇಳಲು ನೆರವಾದದ್ದು ಆ ಕಿರುಪುಸ್ತಕ.

ಅದಕ್ಕೇ ಜವಾಬ್ದಾರಿಯುಳ್ಳ ಕೊಳ್ಳುವವರು ಕ್ಯಾಟಲಾಗಿನಲ್ಲಿ ಒಡೆತನದ ಸಾಲನ್ನು, ಅದರಲ್ಲೂ 1933ರಿಂದ 1945ರವರೆಗಿನ ವಿವರವನ್ನು, ಮೊದಲು ಓದುತ್ತಾರೆ. ಅಲ್ಲಿ ಖಾಲಿ ಜಾಗವಿದ್ದರೆ ಪ್ರಶ್ನೆ ಕೇಳುತ್ತಾರೆ. ಚಿತ್ರದೊಳಗಿನ ತಲೆಬುರುಡೆ ಯಾರದೆಂದು ಯಾರೂ ಕೇಳುವುದಿಲ್ಲ. ಚಿತ್ರ ಯಾರದಾಗಿತ್ತು ಎಂದು ಮಾತ್ರ ಕೇಳಲೇಬೇಕು.