ಸೇವೆ ನಿಲ್ಲಿಸದೆ ಸರ್ಚ್ ಇಂಡೆಕ್ಸ್ ಬದಲಿಸಬಹುದೇ?

ತಪ್ಪು ಕಲ್ಪನೆ: ಸೆಟ್ಟಿಂಗ್ ತಿದ್ದಿದರೆ ಹಳೆಯ ಬರಹಗಳೂ ಸರಿಹೋಗುತ್ತವೆ.

ಹೋಗುವುದಿಲ್ಲ. ಕನ್ನಡ ಸುದ್ದಿತಾಣವೊಂದರಲ್ಲಿ ‘ರಾಜ್‌ಕುಮಾರ್’ ಎಂದು ಹುಡುಕಿದರೆ ಹಲವು ಲೇಖನಗಳು ಸಿಗುತ್ತಿಲ್ಲ ಎನ್ನೋಣ. ಕೆಲವರು ‘ಜ್’ ಆದಮೇಲೆ ಕಣ್ಣಿಗೆ ಕಾಣದ ‘ಝೀರೋ ವಿಡ್ತ್ ನಾನ್‌ಜಾಯಿನರ್’ ಒತ್ತಿರುತ್ತಾರೆ. ಒತ್ತದವರ ಬರಹದಲ್ಲಿ ಅದು ‘ರಾಜ್ಕುಮಾರ್’. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟ ತಂತ್ರಾಂಶದಲ್ಲಿ ಬರಹವನ್ನು ಪದಗಳಾಗಿ ಒಡೆಯುವ ಸ್ಟ್ಯಾಂಡರ್ಡ್ ಅನಲೈಸರ್‌ಗೆ ಇವೆರಡೂ ಬೇರೆ ಬೇರೆ ಪದಗಳು. ಅಕ್ಷರಗಳನ್ನು ಏಕರೂಪಕ್ಕೆ ತರುವ ಐಸಿಯು ನಾರ್ಮಲೈಸರ್ ಹಾಕಿದರೆ ಆ ಕಾಣದ ಗುರುತು ಉದುರುತ್ತದೆ, ನಿಜ. ಆದರೆ ಹಳೆಯ ಲೇಖನಗಳ ಪದಗಳು ಹಳೆಯ ರೂಪದಲ್ಲೇ ಇಂಡೆಕ್ಸ್‌ನಲ್ಲಿ ಕೂತಿವೆ. ಹೊಸ ಇಂಡೆಕ್ಸ್ ಮಾಡಿ ಎಲ್ಲವನ್ನೂ ಮತ್ತೆ ತುಂಬಲೇಬೇಕು.

ತಪ್ಪು ಕಲ್ಪನೆ: ಅದಕ್ಕಾಗಿ ಮಧ್ಯರಾತ್ರಿ ಸೇವೆ ನಿಲ್ಲಿಸಬೇಕು.

ಬೇಕಿಲ್ಲ. ಆ್ಯಪ್ ‘ನ್ಯೂಸ್-1’ ಎಂಬ ಇಂಡೆಕ್ಸ್ ಅನ್ನು ನೇರವಾಗಿ ಕೇಳದೆ, ‘ನ್ಯೂಸ್’ ಎಂಬ ಅಲಿಯಾಸ್ (ಅಡ್ಡಹೆಸರು) ಮೂಲಕ ಕೇಳುವಂತಿದ್ದರೆ ಸಾಕು. ಅಲಿಯಾಸನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಅಂಟಿಸುವುದು ಒಂದೇ ಕೋರಿಕೆಯಲ್ಲಿ ಆಗುತ್ತದೆ. ನಡುವೆ ಖಾಲಿ ಗಳಿಗೆ ಇರುವುದಿಲ್ಲ.

ತಪ್ಪು ಕಲ್ಪನೆ: ನಕಲು ಮುಗಿಯಿತೆಂದರೆ ಹೊಸದು ಸಿದ್ಧ.

ಹೆಚ್ಚಿನವರು ಎಡವುವುದು ಇಲ್ಲೇ. ರೀಇಂಡೆಕ್ಸ್ ಎಂಬ ಸವಲತ್ತು ಕೆಲಸ ಶುರುವಾದ ಹೊತ್ತಿನಲ್ಲಿ ಇದ್ದ ಸ್ಥಿತಿಯನ್ನಷ್ಟೇ ನಕಲಿಸುತ್ತದೆ. ಆಮೇಲೆ ಬಂದದ್ದು, ತಿದ್ದಿದ್ದು ಹೊಸದಕ್ಕೆ ಸೇರಬೇಕಾದರೆ ಬರೆಯುವ ಕೋಡ್ ಎರಡೂ ಕಡೆ ಬರೆಯಬೇಕು. ನಕಲಿನಿಂದ ಬರುವ ಹಳೆಯ ಪ್ರತಿ ಹೊಸ ತಿದ್ದುಪಡಿಯ ಮೇಲೆ ಕೂರದಂತೆ ಆವೃತ್ತಿ ಸಂಖ್ಯೆ ನೋಡಿ ತಡೆಯಬಹುದು. ಅಳಿಸಿದ್ದೇ ನಿಜವಾದ ತಲೆನೋವು: ಸಂಪಾದಕರು 11 ಗಂಟೆಗೆ ಒಂದು ಸುದ್ದಿ ತೆಗೆದರು, 12 ಗಂಟೆಗೆ ನಕಲು ಆ ಸುದ್ದಿಯ ತನಕ ಬಂದು ಅದನ್ನು ಹೊಸ ಇಂಡೆಕ್ಸ್‌ಗೆ ಸೇರಿಸಿತು. ತೆಗೆದ ಸುದ್ದಿ ಎದ್ದು ಬಂತು! ಅಳಿಸಿದ ಗುರುತನ್ನು ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು 60 ಸೆಕೆಂಡ್ ಮಾತ್ರ. ಆದ್ದರಿಂದ ನಕಲು ನಡೆಯುವಾಗ ಅಳಿಸಿದ್ದರ ಪಟ್ಟಿಯನ್ನು ಬೇರೆಯೇ ಇಟ್ಟು, ಕೊನೆಯಲ್ಲಿ ಇನ್ನೊಮ್ಮೆ ಅಳಿಸಬೇಕು. ನಕಲಿನ ವೇಗಕ್ಕಾಗಿ ರೆಪ್ಲಿಕಾಗಳನ್ನು (ಇಂಡೆಕ್ಸ್‌ನ ಹೆಚ್ಚುವರಿ ಪ್ರತಿಗಳು) ಸೊನ್ನೆಗಿಳಿಸಿದ್ದರೆ ಅವನ್ನೂ ಅಲಿಯಾಸ್ ತಿರುಗಿಸುವ ಮೊದಲೇ ವಾಪಸ್ ಹಾಕಿರಬೇಕು.

ತಪ್ಪು ಕಲ್ಪನೆ: ಎರಡೂ ಕಡೆ ದಾಖಲೆಗಳ ಸಂಖ್ಯೆ ಹೊಂದಿದರೆ ಆಯಿತು.

ಸಂಖ್ಯೆ ಹೊಂದಿಯೂ ಫಲಿತಾಂಶ ಕೆಟ್ಟಿರಬಹುದು. ಓದುಗರು ನಿಜವಾಗಿ ಹುಡುಕುವ ಪದಗಳನ್ನು ಎರಡರಲ್ಲೂ ಓಡಿಸಿ, ಮೊದಲ ಪುಟವನ್ನು ಕಣ್ಣಾರೆ ಹೋಲಿಸುವುದೇ ಸರಿ.

ತಪ್ಪು ಕಲ್ಪನೆ: ಬದಲಿಸಿದ ಕೂಡಲೇ ಹಳೆಯದನ್ನು ಅಳಿಸಬಹುದು.

ಅವಸರ ಬೇಡ, ಹಳೆಯದೂ ಸ್ವಲ್ಪ ಕಾಲ ಇರಲಿ. ಅದಕ್ಕಾಗಿ ಎರಡು ಪ್ರತಿಗಳಿಗೂ ಡಿಸ್ಕ್‌ನಲ್ಲಿ ಜಾಗವಿದೆಯೇ ಎಂದು ಶುರುವಿನಲ್ಲೇ ನೋಡಿಕೊಳ್ಳಿ. ಸಾಮಾನ್ಯವಾಗಿ ಡಿಸ್ಕ್ ಶೇ 95 ತುಂಬಿದರೆ ಎಲಾಸ್ಟಿಕ್‌ಸರ್ಚ್ ಅಲ್ಲಿರುವ ಇಂಡೆಕ್ಸ್‌ಗಳಿಗೆ ಬರೆಯುವುದನ್ನೇ ತಡೆಯುತ್ತದೆ. ಹೊಸದರಲ್ಲಿ ದೋಷ ಕಂಡರೆ ಅಲಿಯಾಸನ್ನು ಹಿಂದಕ್ಕೆ ತಿರುಗಿಸಬಹುದು. ಬದಲಾವಣೆಯ ನಂತರವೂ ಹಳೆಯದಕ್ಕೆ ಬರೆಯುತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಹಿಂದಿರುಗಿದ ಮೇಲೆ ಬದಲಾವಣೆಯ ನಂತರ ಬಂದ ಸುದ್ದಿಯೇ ಇರುವುದಿಲ್ಲ.