ಬೆಳ್ಳಿಯೂ ಸುಟ್ಟ ಗಾಯವೂ



ಎಮ್ಮೆದೊಡ್ಡಿಯ ಕಡೆಯ ನಮ್ಮ ಹೆಣ್ಣುಮಕ್ಕಳು ತೊಡುವ ಬೆಳ್ಳಿಯ ಕಾಲ್ಗೆಜ್ಜೆಯು ಕೆಲವು ತಿಂಗಳಲ್ಲಿ ಕಪ್ಪಿಡುವುದನ್ನೂ, ತಾಯಂದಿರು ಅದನ್ನು ಹಲ್ಲುಪುಡಿಯಿಂದ ತಿಕ್ಕಿ ಬೆಳಗುವುದನ್ನೂ ನೀವೆಲ್ಲರೂ ಬಲ್ಲಿರಿ. ಗಾಳಿಯಲ್ಲಿಯೂ ಬೆವರಿನಲ್ಲಿಯೂ ಇರುವ ಗಂಧಕದ ಅಂಶದೊಡನೆ ಬೆಳ್ಳಿಯು ಕೂಡುವುದರಿಂದ ಆ ಕಪ್ಪು ಉಂಟಾಗುತ್ತದೆ. ಸುಟ್ಟ ಗಾಯಕ್ಕೆ ವೈದ್ಯರು ಕಟ್ಟುವ ಬೆಳ್ಳಿಯ ಪಟ್ಟಿಯು ರೋಗಾಣುಗಳನ್ನು ಕೊಲ್ಲುವುದಕ್ಕೂ ಬಹುಮಟ್ಟಿಗೆ ಈ ಗಂಧಕದ ನಂಟೇ ಕಾರಣವೆಂದರೆ ನಿಮಗೆ ಸೋಜಿಗವಾದೀತು.

ಹಾಗೆಂದು ಬೆಳ್ಳಿಯ ಒಡವೆಯನ್ನು ಗಾಯದ ಮೇಲಿಟ್ಟರೆ ಫಲವಿಲ್ಲ. ಪಟ್ಟಿಯ ನೂಲಿಗೆ ಲೇಪಿಸಿರುವ ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳಿಗೆ ತೇವ ಸೋಂಕಿದಾಗ ಅವುಗಳ ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾಗಿ ಹೊರಬೀಳುತ್ತವೆ. ಕೊಲ್ಲುವ ಶಕ್ತಿ ಇರುವುದು ಈ ಅಯಾನುಗಳಿಗೆ. ಅವು ರೋಗಾಣುವಿನ ಹೊರಪೊರೆಯನ್ನು ಕೆಡಿಸಿ, ಅದರ ಉಸಿರಾಟಕ್ಕೆ ಬೇಕಾದ ಪ್ರೋಟೀನುಗಳ ಗಂಧಕಾಂಶಕ್ಕೆ ಅಂಟಿಕೊಂಡು, ಅವುಗಳ ಕೆಲಸವನ್ನು ನಿಲ್ಲಿಸಿಬಿಡುತ್ತವೆ. ಪೆಟ್ಟು ಹಲವು ಕಡೆ ಬೀಳುವುದರಿಂದ ರೋಗಾಣುಗಳು ಬೆಳ್ಳಿಗೆ ಸುಲಭವಾಗಿ ಒಗ್ಗಿಕೊಳ್ಳಲಾರವು, ಒಗ್ಗಿಕೊಂಡವುಗಳೂ ಇಲ್ಲದಿಲ್ಲ.

ಆದರೆ ಗಾಯದ ರಸದಲ್ಲಿ ಉಪ್ಪು ಉಂಟಷ್ಟೆ. ಅದರ ಕ್ಲೋರೈಡು ಅಯಾನುಗಳನ್ನು ಹಿಡಿದು ಕರಗದ ಸಿಲ್ವರ್ ಕ್ಲೋರೈಡನ್ನಾಗಿ ಮಾಡುತ್ತದೆ. ಆದುದರಿಂದ ಪಟ್ಟಿಯು ಕೆಲವು ದಿನಗಳವರೆಗೆ ಅಯಾನುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಲೇ ಇರಬೇಕು. ಕೆಲವು ಬಗೆಯ ಪಟ್ಟಿಗಳನ್ನು ಉಪ್ಪುನೀರಿನಿಂದ ನೆನೆಸದೆ ಶುದ್ಧಜಲದಿಂದಲೇ ನೆನೆಸುವುದು ಇದಕ್ಕಾಗಿಯೇ. ನಿಮ್ಮಲ್ಲಿ ದಾದಿಯರಾದವರು ಇದನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಬೆಳ್ಳಿಯ ಔಷಧವು ಹೊಸದಲ್ಲ. ಜರ್ಮನಿಯ ಕ್ರೆಡೆ ಎಂಬ ವೈದ್ಯರು ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ ಕುರುಡುತನವನ್ನು ತಡೆದ ವಿಧಾನವನ್ನು 1881ರಲ್ಲಿ ಪ್ರಕಟಿಸಿದರು. ನಮ್ಮ ಆಸ್ಪತ್ರೆಗಳಲ್ಲಿ ಸುಟ್ಟ ಗಾಯಕ್ಕೆ ಹಚ್ಚುವ ಬಿಳಿಯ ಮುಲಾಮಾದ ಸಿಲ್ವರ್ ಸಲ್ಫಾಡಯಾಜಿನನ್ನು 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಎಂಬವರು ಬಳಕೆಗೆ ತಂದರು.

ಆದರೂ ಬೆಳ್ಳಿಗೆ ಶತ್ರುಮಿತ್ರರೆಂಬ ಭೇದ ಪೂರ್ತಿಯಾಗಿ ತಿಳಿಯದು. ಹೊಸದಾಗಿ ಹುಟ್ಟುತ್ತಿರುವ ಚರ್ಮದ ಕಣಗಳಿಗೂ ಅದರಿಂದ ಬಾಧೆಯುಂಟು. ಕೀವಿಲ್ಲದೆ ಮಾಯುತ್ತಿರುವ ಗಾಯವು ಅದರಿಂದ ತಡವಾಗಿ ಮಾಯಬಹುದು. ಎರಡು ತಿಂಗಳೊಳಗಿನ ಹಸುಗೂಸಿಗೂ, ಸಲ್ಫಾ ಔಷಧ ಒಗ್ಗದವರಿಗೂ ಆ ಮುಲಾಮು ಸಲ್ಲದು. ನೆರೆಮನೆಯಲ್ಲಿ ಉಳಿದ ಮುಲಾಮನ್ನು ತಂದು ಹಚ್ಚುವ ವಾಡಿಕೆಯನ್ನು ನಾನು ಒಪ್ಪಲಾರೆ.

ಕುದಿಯುವ ಸಾರು ಮಗುವಿನ ಕಾಲಿನ ಮೇಲೆ ಚೆಲ್ಲಿದರೆ, ಶಾಯಿಯನ್ನಾಗಲಿ ಹಲ್ಲುಪುಡಿಯನ್ನಾಗಲಿ ಹುಡುಕಬೇಡಿರಿ. ಬಾವು ಏರುವ ಮುನ್ನವೇ ಗೆಜ್ಜೆಯನ್ನು ಕಳಚಿ, ಇಪ್ಪತ್ತು ನಿಮಿಷ ತಣ್ಣೀರನ್ನು ಹರಿಯಬಿಟ್ಟು, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಕಡೂರಿನ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಳ್ಳಿ ಬೇಕೋ ಬೇಡವೋ ಎಂಬುದನ್ನು ಅಲ್ಲಿಯ ವೈದ್ಯರು ಹೇಳುವರು.