ನೆಗೆಯುವ ಮೊದಲೇ ಒತ್ತಬೇಕು

ಎಸ್‌ಎಲ್‌ಆರ್ ಕ್ಯಾಮೆರಾದ ಬಟನ್ ಒತ್ತಿದೊಡನೆ ಒಳಗಿನ ಕನ್ನಡಿ ಮೇಲೇಳುತ್ತದೆ, ವ್ಯೂಫೈಂಡರ್ ಕ್ಷಣಕಾಲ ಕಪ್ಪಾಗುತ್ತದೆ. ಹಾಗಾಗಿ ಸ್ಕೇಟ್‌ಬೋರ್ಡ್ ಹುಡುಗ ನೆಗೆತದ ತುತ್ತತುದಿಯಲ್ಲಿದ್ದದ್ದು ನಿಮಗೆ ಚೆನ್ನಾಗಿ ಕಂಡಿತೆಂದರೆ, ಫಿಲ್ಮಿಗೆ ಅದು ಸಿಕ್ಕಿಲ್ಲವೆಂದೇ ಲೆಕ್ಕ.

ಕೈ ತಾಗಿಸದೆ ಬೋರ್ಡ್ ಸಮೇತ ನೆಗೆಯುವ 'ಆಲಿ' ಎಂಬ ಪಟ್ಟನ್ನೇ ನೋಡಿ. ಹಿಂಗಾಲು ಬೋರ್ಡಿನ ಬಾಲವನ್ನು ನೆಲಕ್ಕೆ ಬಡಿಯುತ್ತದೆ, ಮುಂಗಾಲು ಮೇಲಕ್ಕೆ ಉಜ್ಜುತ್ತಾ ಹೋಗಿ ಬೋರ್ಡನ್ನು ಸಮ ಮಾಡುತ್ತದೆ. ಇಡೀ ಹಾರಾಟ ಅರ್ಧ ಸೆಕೆಂಡಿನ ಆಸುಪಾಸು. ಕಣ್ಣಿಗಿಂತ ಕಿವಿ ಇಲ್ಲಿ ನಂಬಿಗಸ್ತ: ಬಾಲ 'ಟಪ್' ಎಂದಿತೇ, ಬೆರಳು ಚುರುಕಾಗಬೇಕು. ಫೋಕಸ್ಸನ್ನಂತೂ ಬೆನ್ನಟ್ಟಲಾಗದು. ಹುಡುಗ ನೆಗೆಯುವ ಜಾಗದಲ್ಲಿ ಅವನನ್ನೇ ನಿಲ್ಲಿಸಿ, ಅಲ್ಲಿಗೆ ಫೋಕಸ್ ಕಟ್ಟಿ, ಎಫ್/8ಕ್ಕೆ ಇಟ್ಟು ಕಾಯುವುದು.

ಬೆಂಗಳೂರಿಗೆ ಈ ಕಾಯುವ ವಿದ್ಯೆ ಹೊಸದಲ್ಲ. ಒ.ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ.ಎನ್.ಎ. ಪೆರುಮಾಳ್ ಫಿಲ್ಮ್ ಕಾಲದಲ್ಲಿ ಹಕ್ಕಿಗಳ ಚಿತ್ರ ತೆಗೆದದ್ದು ಅವುಗಳ ನಡವಳಿಕೆ ಓದಿಕೊಂಡೇ. 2013ರಲ್ಲಿ ಹೋಲಿಸ್ಟೋಕ್ಡ್ ಬಳಗ ವಿದೇಶಿ ಸ್ಕೇಟರ್‌ಗಳ ಜತೆ ಸೇರಿ ಈ ಊರಿನಲ್ಲಿ ಕಾಂಕ್ರೀಟ್ ಪಾರ್ಕ್ ಕಟ್ಟಿತಲ್ಲ, ಆ ಲೋಕಕ್ಕೂ ಪೆರುಮಾಳರ ಲೋಕಕ್ಕೂ ಕೊಂಡಿ ಇದೆ ಎಂದೇ ನನಗನಿಸುತ್ತದೆ.

ಪಾರ್ಕ್ ಬಿಟ್ಟು ಬೀದಿಗಿಳಿದರೆ, ಜಯನಗರದ ಕಷ್ಟ ಬೇರೆ. ಫುಟ್‌ಪಾತಿನ ಚಪ್ಪಡಿ ಏರುಪೇರು. ಸಣ್ಣ ಕಲ್ಲೊಂದು ಚಕ್ರಕ್ಕೆ ಸಿಕ್ಕರೆ ಹುಡುಗ ಮುಗ್ಗರಿಸುತ್ತಾನೆ. ಮೇಲೆ ಮರಗಳ ಚುಕ್ಕಿ ನೆರಳು. 400 ಐಎಸ್‌ಒ ಫಿಲ್ಮಿಗೆ ಪೂರ್ತಿ ಬಿಸಿಲಲ್ಲಿ ಎಫ್/16, 1/500 ಸಾಕು. ದಟ್ಟ ನೆರಳಿಗೆ ಹೋದರೆ ಮೂರು ಸ್ಟಾಪ್, ಕೆಲವೊಮ್ಮೆ ಇನ್ನೂ ಹೆಚ್ಚು ಬೆಳಕು ಬೇಕು. ಎರಡರ ನಡುವೆ ನೆಗೆದವನ ಮುಖ ಕಪ್ಪು, ಮೊಣಕಾಲು ಬಿಳಿ. ಪೂರ್ತಿ ಬಿಸಿಲು ಇಲ್ಲವೇ ಪೂರ್ತಿ ನೆರಳು, ಒಂದನ್ನು ಆರಿಸಿಕೊಳ್ಳಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹ್ಯೂ ಹಾಲೆಂಡ್ ಸಿನಿಮಾದವರು ಉಳಿಸಿದ ಫಿಲ್ಮ್ ಹಾಕಿ, ಸಂಜೆಯ ಓರೆಬಿಸಿಲನ್ನೇ ನೆಚ್ಚಿ ಸ್ಕೇಟರ್‌ಗಳನ್ನು ಸೆರೆಹಿಡಿದರು.

ಮುಸ್ಸಂಜೆಗೆ ಫ್ಲಾಶ್. ಪೆಂಟಾಕ್ಸ್ ಕೆ1000 ಫ್ಲಾಶ್ ಜತೆ ಹೊಂದುವುದು 1/60 ಇಲ್ಲವೇ ಅದಕ್ಕಿಂತ ನಿಧಾನದ ವೇಗಕ್ಕೆ ಮಾತ್ರ. ಬೆಳಕು ಹೆಚ್ಚಿದ್ದರೆ ಚೂಪಾದ ಆಕೃತಿಯ ಜತೆ ಮಸುಕಾದ ದೆವ್ವವೂ ಮೂಡುತ್ತದೆ. ಸೂರ್ಯ ಮುಳುಗಿ ಕತ್ತಲಾಗುವವರೆಗೆ ನಮ್ಮೂರಲ್ಲಿ ಸಿಗುವುದು ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟರಲ್ಲಿ ಸೆಕ್ಯೂರಿಟಿಯವರು ಎದ್ದು ಬರದಿದ್ದರೆ ಪುಣ್ಯ.

ಚೌಕಟ್ಟಿನಲ್ಲಿ ನೆಗೆದ ಜಾಗ, ಇಳಿಯುವ ಜಾಗ ಎರಡೂ ಕಾಣಬೇಕು. ಬರೀ ಆಕಾಶ ತೋರಿಸಿದರೆ ಎಷ್ಟು ಎತ್ತರ ಹಾರಿದ ಎಂದು ಯಾರು ನಂಬುತ್ತಾರೆ? ಫಿಶ್‌ಐ ಲೆನ್ಸ್ ಮೂರು ಮೆಟ್ಟಿಲನ್ನು ಆರರಂತೆ ತೋರಿಸುತ್ತದೆ. ನನಗೆ ಆ ಜಂಭ ಒಗ್ಗದು. ಕಾಂಪೌಂಡ್ ಗೋಡೆ, ಎಳನೀರು ಗಾಡಿ ಒಳಗೊಳ್ಳುವ 50 ಎಂಎಂ ಸಾಕು.

ಎಚ್‌ಪಿ5 ಫಿಲ್ಮನ್ನು 1600 ಐಎಸ್‌ಒಗೆ ತಳ್ಳಿದ್ದರೆ, ಐಡಿ-11 ಡೆವಲಪರಿನಲ್ಲಿ 20 ಡಿಗ್ರಿಯಲ್ಲಿ 14 ನಿಮಿಷ ಡೆವಲಪ್ ಮಾಡಬೇಕು. ಏಪ್ರಿಲ್‌ನಲ್ಲಿ ನಲ್ಲಿಯ ನೀರು ಅಷ್ಟು ತಣ್ಣಗಿರದು, ಫ್ರಿಜ್ಜಿನ ಐಸ್ ಬೇಕೇ ಬೇಕು.

ಸ್ಕೇಟರ್‌ಗಳಲ್ಲಿ ಒಂದು ಕಟ್ಟುನಿಟ್ಟಿದೆ: ಬೀಳದೆ ಇಳಿಯದಿದ್ದರೆ ಆ ಫೋಟೊ ಎಷ್ಟೇ ಚೆಂದವಿರಲಿ, ಲೆಕ್ಕಕ್ಕಿಲ್ಲ. ಫಿಲ್ಮಿನಲ್ಲಿ ಸ್ಥಳದಲ್ಲೇ ನೋಡುವಂತಿಲ್ಲ. 'ಇನ್ನೊಂದ್ಸಲ ಹೊಡಿ ಮಗಾ' ಎಂದು ಮೊಣಕೈ ತರಚಿದವನನ್ನು ಎಷ್ಟು ಸಲ ಕೇಳುವುದು? ಪುಟ್ಟ ನೋಟ್‌ಬುಕ್ಕಿನಲ್ಲಿ ಪ್ರತಿ ಫ್ರೇಮಿನ ಸಂಖ್ಯೆಯೆದುರು ಇಳಿದನೋ ಬಿದ್ದನೋ ಎಂದು ಬರೆದಿಡಿ. ನೆಗೆಟಿವ್ ಒಣಗುವ ಹೊತ್ತಿಗೆ ಇಬ್ಬರಿಗೂ ಅದು ಮರೆತಿರುತ್ತದೆ.